ನಲವತ್ತೊಂದನೇ ಶೆಡ್ಡಿನ ಕಿವಿಕಾಳು

ನಲವತ್ತೊಂದನೇ ಶೆಡ್ಡಿನ ಕೋಳಿಗಳು ಸಂಜೆ ಆರೂವರೆಯಾಯಿತೆಂದರೆ ನಿದ್ದೆಹೋಗುತ್ತಿದ್ದವು. ಇಂದ್ರಾಣಿಯ ನೆಮ್ಮದಿ ಕೆಡಿಸಿದ್ದು ಅಷ್ಟೇ ವಿಷಯ. ಫಾರಂ ಕೋಳಿ ಎಲ್ಲಾದರೂ ಸಂಜೆಗೇ ಮಲಗುತ್ತದೆಯೇ? ಅದರ ತಲೆಯ ಮೇಲೆ ದಿನಕ್ಕೆ ಇಪ್ಪತ್ತಮೂರು ಗಂಟೆ ಬಲ್ಬು ಉರಿಯುತ್ತದೆ. ನಲವತ್ತು ದಿನಕ್ಕೆ ಎರಡು ಕೆಜಿ ತೂಗಲೇಬೇಕಾದ ಜೀವಕ್ಕೆ ನಿದ್ದೆ ಎಲ್ಲಿಂದ ಬರಬೇಕು ಪಾಪ! ಗಂಟೆಗೊಮ್ಮೆ ಏಳಬೇಕು, ತಿನ್ನಬೇಕು, ನೀರು ಕುಡಿಯಬೇಕು, ಮತ್ತೆ ತಿನ್ನಬೇಕು.

ಇಂದ್ರಾಣಿ ಕೆಲಸ ಮಾಡುತ್ತಿದ್ದುದು ಮುಳಬಾಗಿಲಿನ ಹೊರವಲಯದ ಕುಕ್ಕುಟ ಶ್ರವಣ ಕೇಂದ್ರದಲ್ಲಿ. ಸುತ್ತಲಿನ ಮುನ್ನೂರ ಹನ್ನೆರಡು ಶೆಡ್ಡುಗಳ ಕೋಳಿಗಳ ಹೊಟ್ಟೆಯ ಸದ್ದು ಅವಳ ಮುಂದಿನ ಪರದೆಗೆ ಬಂದು ಬೀಳುತ್ತಿತ್ತು. ಮನೆಯಲ್ಲಿ ಗಂಡನ ಮಾತು ಕಿವಿಗೆ ಹಾಕಿಕೊಳ್ಳದವಳು ಕೋಳಿಯ ಹೊಟ್ಟೆ ಮಾತು ಕೇಳಿ ಸಂಬಳ ತರುತ್ತಾಳೆ ಎಂದು ಅವಳ ಗಂಡ ರಘುಪತಿ ನೆಂಟರೆದುರು ತಮಾಷೆ ಮಾಡುತ್ತಿದ್ದ.

ಕಿವಿಕಾಳಿನ ಕಥೆ ಇಷ್ಟು. ಕೋಳಿಗೆ ಹಲ್ಲಿಲ್ಲ. ತಿಂದ ಕಾಳನ್ನು ಅದು ಹೊಟ್ಟೆಯೊಳಗಿನ ದಪ್ಪ ಮಾಂಸದ ಒಂದು ಚೀಲದಲ್ಲಿ, ಮೊದಲೇ ನುಂಗಿಟ್ಟುಕೊಂಡ ಹರಳುಕಲ್ಲುಗಳ ನಡುವೆ ಹಾಕಿ ಅರೆಯುತ್ತದೆ. ಕೋಳಿ ಕೊಯ್ದವರಿಗೆಲ್ಲ ಗೊತ್ತಿರುವ ಚೀಲವೇ. ಸೀಳಿದರೆ ಒಳಗೆ ಮರಳು, ಗಾಜಿನ ಚೂರು, ಒಮ್ಮೊಮ್ಮೆ ಅಂಗಿಯ ಗುಂಡಿಯೂ ಸಿಗುತ್ತದೆ. ಆ ಕಲ್ಲುಗಳು ತಿಂಗಳುಗಟ್ಟಲೆ ಅಲ್ಲೇ ಬಿದ್ದಿರುತ್ತವೆ. ಅವುಗಳಲ್ಲಿ ಒಂದು ಕಲ್ಲಿಗೆ ಕಿವಿ ಇದ್ದರೆ ಹೇಗೆ ಎಂದು ಯಾರಿಗೋ ಹೊಳೆಯಿತು. ಹಾಗೆ ಹುಟ್ಟಿದ್ದು ಹೆಸರುಕಾಳಿನಷ್ಟು ದೊಡ್ಡ ಈ ಮಣಿ. ಚೀಲದೊಳಗೆ ಉರುಳುತ್ತಾ ಆ ಉರುಳಾಟದಿಂದಲೇ ತನಗೆ ಬೇಕಾದ ವಿದ್ಯುತ್ತನ್ನು ಪಡೆದುಕೊಂಡು, ಕೆಳಗಿನ ಕರುಳಿನ ಸದ್ದನ್ನು ಆಲಿಸಿ, ಶೆಡ್ಡಿನ ಚಾವಣಿಯ ಮೇಲಿರುವ ಪೆಟ್ಟಿಗೆಗೆ ತಿಳಿಸುತ್ತದೆ. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಜನ ಕಿವಿಕಾಳು ಎಂದರು, ಅದೇ ನಿಂತಿತು.

ಇಷ್ಟೆಲ್ಲ ಸರ್ಕಸ್ಸು ಕಾಕ್ಸಿ ಎಂಬ ರೋಗಕ್ಕಾಗಿ. ಕಣ್ಣಿಗೆ ಕಾಣದ ಒಂದು ಪರೋಪಜೀವಿ ಮರಿಯ ಕರುಳಿನ ಗೋಡೆಗೆ ನುಗ್ಗಿ, ಅಲ್ಲೇ ಸಾವಿರವಾಗಿ, ಗೋಡೆ ಒಡೆದು ಹೊರಬರುತ್ತದೆ. ಮರಿ ರಕ್ತ ಹೇಲುತ್ತದೆ. ಹೇಲಿನ ಜೊತೆ ಅದರ ಮೊಟ್ಟೆಗಳು ನೆಲಕ್ಕೆ ಹಾಸಿದ ಭತ್ತದ ಹೊಟ್ಟಿಗೆ ಬಿದ್ದು, ತೇವ ಸಿಕ್ಕಲ್ಲಿ ಬಲಿತು, ಹೊಟ್ಟು ಕೆದಕುವ ಇನ್ನೊಂದು ಮರಿಯ ಬಾಯಿಗೆ ಹೋಗುತ್ತವೆ. ಅರವತ್ತು ಎಪ್ಪತ್ತು ವರ್ಷ ಜನ ಇದಕ್ಕೆ ಮದ್ದನ್ನು ಮೇವಿನಲ್ಲೇ ಬೆರೆಸಿ, ರೋಗ ಇರಲಿ ಬಿಡಲಿ, ದಿನವೂ ತಿನ್ನಿಸಿದರು. ಪರೋಪಜೀವಿಯೂ ಅಷ್ಟೇ ನಿಷ್ಠೆಯಿಂದ ಒಂದೊಂದೇ ಮದ್ದನ್ನು ಅರಗಿಸಿಕೊಳ್ಳುತ್ತಾ ಬಂತು. ಈಗ ಉಳಿದಿರುವುದು ಒಂದೇ ಒಂದು. ಅದನ್ನು ಎಲ್ಲರೂ ಕೊನೆಮದ್ದು ಎನ್ನುತ್ತಾರೆ. ಅದು ಶ್ರವಣ ಕೇಂದ್ರದ ಬೀಗದ ಕೋಣೆಯಲ್ಲಿರುತ್ತದೆ. ಶೆಡ್ಡೊಂದರ ಕಿವಿಕಾಳುಗಳಲ್ಲಿ ಅರ್ಧಕ್ಕಿಂತ ಹೆಚ್ಚು ರೋಗದ ಕೆಂಪು ತೋರಿಸಿದರೆ ಮಾತ್ರ ಬೀಗ ತೆರೆಯುತ್ತದೆ.

ಐದು ಸಾವಿರ ಮರಿಗಳ ಶೆಡ್ಡಿಗೆ ಐವತ್ತು ಕಾಳು. ಏಳನೇ ದಿನ ಐವತ್ತು ಮರಿಗಳ ಬಾಯಿಗೆ ಒಂದೊಂದು. ಐವತ್ತರಲ್ಲಿ ನಲವತ್ತಾದರೂ ಸದ್ದು ಮಾಡುತ್ತಿರಬೇಕು. ಇಲ್ಲದಿದ್ದರೆ ಆ ಶೆಡ್ಡು ಕಿವುಡು ಎಂದು ಬರೆದು ಪರವಾನಗಿ ಕಿತ್ತುಕೊಳ್ಳುತ್ತಾರೆ. ನಲವತ್ತೊಂದನೇ ಶೆಡ್ಡಿನಲ್ಲಿ ಐವತ್ತಕ್ಕೆ ಐವತ್ತೂ ಹಸಿರು. ತಾಲ್ಲೂಕಿನಲ್ಲಿ ಅಂಥ ಹೊಟ್ಟೆಗಳು ಅಪರೂಪ. ಅದು ಇಂದ್ರಾಣಿಯ ಅಕ್ಕ ಮುನಿಲಕ್ಷ್ಮಮ್ಮನ ಶೆಡ್ಡು.

"ಸರ್, ನಲವತ್ತೊಂದನೇ ಶೆಡ್ಡು ಸಂಜೆ ಮಲಗಿದ್ರೆ ಬೆಳಗ್ಗೆ ಐದರವರೆಗೂ ಏಳೋದೇ ಇಲ್ಲ," ಎಂದು ಅವಳು ಮುಖ್ಯಸ್ಥ ಡಾಕ್ಟರ್ ಹಬೀಬುಲ್ಲಾ ಅವರಿಗೆ ಹೇಳಿದಳು.

ಡಾಕ್ಟರು ಕನ್ನಡಕ ಹಣೆಗೇರಿಸಿ ನೋಡಿದರು. "ಹಸಿರು ತಾನೆ? ನಿದ್ದೆ ಮಾಡಿದ್ರೆ ಮಾಡ್ಲಿ ಬಿಡಮ್ಮ. ನಮ್ಮಿಬ್ಬರಿಗಂತೂ ಇಲ್ಲ, ಅವಕ್ಕಾದ್ರೂ ಇರ್ಲಿ."

ಅವರು ನಕ್ಕರು. ಇಂದ್ರಾಣಿಗೆ ನಗು ಬರಲಿಲ್ಲ. ದಿನವೂ ಬೆಳಗ್ಗೆ ಎಂಟಕ್ಕೆ ಹಸಿರು ಶೆಡ್ಡುಗಳಿಗೆಲ್ಲ ‘ನಿಮ್ಮ ಮರಿಗಳು ಕ್ಷೇಮ’ ಎಂಬ ಸಂದೇಶ ಕಳಿಸುವುದು ಅವಳ ಕೆಲಸ. ಅಕ್ಕನಿಗೂ ಕಳಿಸಿದ್ದಳು.

ಆ ಸಂಜೆ ಮನೆಗೆ ಬಂದು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ, ಪಕ್ಕದ ಮನೆಯಾಕೆ ಬ್ಯಾ ಬ್ಯಾ ಎನ್ನುತ್ತಾ ತನ್ನ ನಾಟಿ ಕೋಳಿಗಳನ್ನು ಕರೆದು ಬಿದಿರಿನ ಮಂಕರಿ ಮುಚ್ಚುತ್ತಿದ್ದಳು. ಕೋಳಿಗಳು ಯಾವ ತಕರಾರೂ ಇಲ್ಲದೆ ಒಂದಕ್ಕೊಂದು ಒತ್ತಿಕೊಂಡು ಕೂತವು. ಇಂದ್ರಾಣಿ ಗಡಿಯಾರ ನೋಡಿದಳು. ಆರೂವರೆ.

"ಏನಾಯ್ತೇ? ಮುಖ ಯಾಕೆ ಹಿಂಗಾಯ್ತು?" ಎಂದ ರಘುಪತಿ.

"ಏನಿಲ್ಲ," ಎಂದಳು. ರಾಗಿಮುದ್ದೆ ತಟ್ಟೆಯಲ್ಲೇ ಆರಿತು.

ಮರುದಿನ ಎಲ್ಲರಿಗಿಂತ ಮೊದಲೇ ಕೇಂದ್ರಕ್ಕೆ ಬಂದು ನಲವತ್ತೊಂದರ ಐವತ್ತು ಗೆರೆಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿದಳು. ಮೂರು ಕಾಳಿನದು ಒಂದೇ ಗೆರೆ. ಇನ್ನು ನಾಲ್ಕರದು ಒಂದೇ. ಒಂದೇ ಚೀಲದಲ್ಲಿ ಒಟ್ಟಿಗೆ ಉರುಳಿದರೆ ಮಾತ್ರ ಹಾಗಾಗಲು ಸಾಧ್ಯ. ವಿಂಗಡಿಸುತ್ತಾ ಹೋದಂತೆ ಐವತ್ತು ಕಾಳು ಹದಿನಾಲ್ಕು ಹೊಟ್ಟೆಯಾಗಿ ನಿಂತವು. ಅಕ್ಕನ ಅಂಗಳದಲ್ಲಿ ಹದಿನಾಲ್ಕು ನಾಟಿ ಕೋಳಿಗಳಿದ್ದವು.

ಹಾಗಾದರೆ ಆ ಐದು ಸಾವಿರ ಮರಿಗಳ ಹೊಟ್ಟೆಯಲ್ಲಿ ಏನಾಗುತ್ತಿದೆ? ಯಾರಿಗೂ ಗೊತ್ತಿಲ್ಲ. ಇಂದ್ರಾಣಿ ರಜೆಚೀಟಿ ಬರೆದಿಟ್ಟು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಚಾಲಕನಿಗಿಂತ ಅವಳೇ ಹೆಚ್ಚು ಬ್ರೇಕ್ ಒತ್ತಿದಳು, ಕಾಲಬೆರಳಿನಿಂದ.

ಅಮ್ಮ ತೀರಿಕೊಂಡಾಗ ಇಂದ್ರಾಣಿಗೆ ಒಂಬತ್ತು ವರ್ಷ. ಅಲ್ಲಿಂದ ಅವಳ ಜಡೆ ಹಾಕಿದ್ದು, ಓದಿಸಿದ್ದು, ಮದುವೆ ಮಾಡಿದ್ದು ಎಲ್ಲ ಈ ಅಕ್ಕನೇ. ಭಾವ ಟೊಮೇಟೊ ಲಾರಿ ಹತ್ತಿ ಊರೂರು ತಿರುಗುವವನು. ಗುಟ್ಟೂರಿನ ಶೆಡ್ಡು ಅಕ್ಕನದು, ಬೆವರು ಅಕ್ಕನದು. ಮರಿ, ಮೇವು, ಮದ್ದು ಕೋಳಿ ಕಂಪನಿಯದು, ಸಾಕಿದ್ದಕ್ಕೆ ಕೂಲಿ. ಇಪ್ಪತ್ತು ವರ್ಷ ಹೀಗೇ ನಡೆದಿತ್ತು. ಕಂಪನಿಯಿಂದ ಏನು ಬಂದರೂ ಅದರಲ್ಲೊಂದು ಹಿಡಿ ಮನೆಯ ಕೋಳಿಗೆ ಹಾಕುವುದು ಆ ಊರುಗಳ ವಾಡಿಕೆ. ಅದನ್ನು ಕಳ್ಳತನ ಎಂದು ಅಲ್ಲಿ ಯಾರೂ ಕರೆಯುವುದಿಲ್ಲ.

"ಇದೇನೇ ಇಷ್ಟೊತ್ತಲ್ಲಿ ಬಂದೆ? ಮನೇಲೆಲ್ಲ ಚೆನ್ನಾಗವ್ರಾ?" ಎಂದು ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದಳು.

"ಅಕ್ಕ, ಏಳನೇ ದಿನ ಕಂಪನಿ ಸೂಪರ್‌ವೈಸರ್ ಒಂದು ಪೊಟ್ಟಣ ಕೊಟ್ಟಿದ್ನಲ್ಲ, ಅದನ್ನೇನು ಮಾಡ್ದೆ?"

"ಕೊಟ್ಟನಾ? ಬೈಕಿಂದ ಇಳೀದೇ ಗೇಟಿನಾಚೆಯಿಂದ ಎಸೆದು ಹೋದ. ಹಾಕ್ದೆ."

"ಯಾವುದಕ್ಕೆ?"

"ನೋಡೇ, ಪೊಟ್ಟಣದ ಮೇಲೆ ಇಷ್ಟು ದೊಡ್ಡ ಕೆಂಪು ಜುಟ್ಟಿನ ಕೋಳಿ ಚಿತ್ರ ಇತ್ತು. ಬರೆದಿದ್ದು ಇಂಗ್ಲಿಷು, ಹಿಂದಿ. ಮರಿ ಮದ್ದಾದ್ರೆ ಮರಿ ಚಿತ್ರ ಹಾಕ್ತಿರ್ಲಿಲ್ವಾ? ಯಾವ್ದೋ ಶಕ್ತಿ ಮದ್ದು ಅಂದ್ಕೊಂಡೆ. ಕಂಪನಿ ಮರಿಗೆ ದಿನಾ ಏನಾದ್ರೂ ಹಾಕ್ತಾನೇ ಇರ್ತಾರೆ. ನನ್ನ ಕೋಳಿಗೆ ಯಾರು ಹಾಕ್ತಾರೆ?"

ಇಂದ್ರಾಣಿ ಶೆಡ್ಡಿನತ್ತ ನಡೆದಳು. ಬಾಗಿಲು ತೆಗೆಯುವ ಮೊದಲೇ ವಾಸನೆ ಬಂತು. ಒಳಗೆ ಮರಿಗಳು ರೆಕ್ಕೆ ಜೋಲುಬಿಟ್ಟುಕೊಂಡು, ಕಣ್ಣು ಅರೆಮುಚ್ಚಿ, ಗುಂಪುಗುಂಪಾಗಿ ಮುದುಡಿ ನಿಂತಿದ್ದವು. ಹೊಟ್ಟಿನ ಮೇಲೆ ಅಲ್ಲಲ್ಲಿ ರಕ್ತ. ಮೂಲೆಯ ಬಕೆಟ್ಟಿನಲ್ಲಿ ಬೆಳಗ್ಗೆಯಿಂದ ಸತ್ತವು ತುಂಬಿದ್ದವು.

"ಯಾವತ್ತಿಂದ ಅಕ್ಕ ಇದು?"

"ನಾಕು ದಿನ ಆಯ್ತು. ಇವತ್ತು ಅರವತ್ತು ಹೋದವು."

"ನಾಕು ದಿನ! ನಂಗೊಂದು ಫೋನ್ ಮಾಡಬಾರದಾ? ಇಪ್ಪತ್ತು ವರ್ಷ ಮರಿ ಸಾಕಿದೀಯ, ಕಾಕ್ಸಿ ಅಂತ ಗೊತ್ತಾಗ್ಲಿಲ್ವಾ ನಿಂಗೆ?"

"ಗೊತ್ತಾಗ್ದೆ ಏನು? ಮೊದಲನೇ ದಿನ ಬಾಗಿಲಲ್ಲೇ ಗೊತ್ತಾಯ್ತು," ಎಂದಳು ಅಕ್ಕ. "ಫೋನ್ ಮಾಡೋಣ ಅಂತ ಕೈಗೆತ್ಕೊಂಡ್ರೆ ನಿನ್ನ ಮೆಸೇಜು. ನಿಮ್ಮ ಮರಿಗಳು ಕ್ಷೇಮ. ಮಾರನೇ ದಿನವೂ ಕ್ಷೇಮ. ನನ್ನ ಕಣ್ಣಿಗೇ ಏನೋ ಆಗೈತೆ ಅಂದ್ಕೊಂಡೆ ಕಣೇ. ಅಷ್ಟು ಓದಿರೋಳು ನೀನು ಹೇಳ್ತಿದೀಯ, ನಾನ್ಯಾವ ದೊಡ್ಡ ಡಾಕ್ಟ್ರು?"

ಇಂದ್ರಾಣಿಗೆ ಮುಖ ಎತ್ತಲಾಗಲಿಲ್ಲ. ನಾಚಿಕೆ, ಸಂಕಟ ಎರಡೂ ಒಟ್ಟಿಗೇ ಉಕ್ಕಿ ಬಂದವು. ಬಾಗಿಲಲ್ಲಿ ನಿಂತೇ ರೋಗ ಹಿಡಿಯುತ್ತಿದ್ದ ಅಕ್ಕನ ಬಾಯನ್ನು ಈ ಮೂರು ಪದಗಳಿಂದ ಮುಚ್ಚಿಸಿದ್ದು ತಾನೇ ಅಲ್ಲವೇ?

ರೋಗ ಬಂದ ದಾರಿ ಅಕ್ಕನ ಕಾಲಲ್ಲೇ ಇತ್ತು. ಅಂಗಳದಲ್ಲಿ ಓಡಾಡಿದ ಚಪ್ಪಲಿಯಲ್ಲೇ ಅವಳು ಶೆಡ್ಡಿಗೂ ಹೋಗುತ್ತಿದ್ದಳು. ನಾಟಿ ಕೋಳಿಗಳಿಗೆ ಕಾಕ್ಸಿ ಹಳೇ ನೆಂಟ. ಮಣ್ಣು ಕೆದಕುತ್ತಾ ದಿನವೂ ಒಂದಿಷ್ಟು ನುಂಗಿ, ಅದರ ಜೊತೆ ಬಾಳುವುದನ್ನು ಅವು ಕಲಿತಿರುತ್ತವೆ. ಅವುಗಳ ಹಿಕ್ಕೆಯಲ್ಲಿ ಬಿದ್ದ ಪರೋಪಜೀವಿಯ ಮೊಟ್ಟೆ ಬಲ್ಬಿನಡಿ ಬೆಳೆದ ಮರಿಗೆ ಹೋದರೆ ಮುಗಿಯಿತು.

"ಮದ್ದು ತರ್ಸೇ," ಎಂದಳು ಅಕ್ಕ. "ಕೊನೆಮದ್ದೋ ಏನೋ ಇಟ್ಕೊಂಡಿದೀರಲ್ಲ."

"ಕಾಳು ಕೆಂಪಾಗದೆ ಬೀಗ ತೆಗೆಯಲ್ಲ ಅಕ್ಕ. ಕಾಳೆಲ್ಲ ನಿನ್ನ ಕೋಳಿ ಹೊಟ್ಟೇಲಿ ಆರಾಮಾಗಿವೆ."

"ಇರೋ ವಿಷ್ಯ ಹೇಳ್ಬಿಡು ನಿಮ್ಮ ಸಾಹೇಬ್ರಿಗೆ."

"ಹೇಳಿದ್ರೆ ಮೊದಲು ತನಿಖೆಯವರು ಬರ್ತಾರೆ, ನಿನ್ನ ಮಾತಿಗೆ ಸಾಕ್ಷಿ ಕೇಳ್ತಾರೆ. ಅವರು ಬರೋದ್ರೊಳಗೆ ಅರ್ಧ ಮರಿ ಹೋಗಿರುತ್ತೆ. ಸಾಕ್ಷಿ ಸಿಗದಿದ್ರೆ ಪರವಾನಗೀನೂ ಹೋಗುತ್ತೆ."

ಅಕ್ಕ ಅಂಗಳದತ್ತ ನೋಡಿದಳು. ಕೋಳಿಗಳು ತಿಪ್ಪೆಯ ಬಳಿ ಕೆದಕುತ್ತಿದ್ದವು. ಒಂದು ಮಾತ್ರ ಒರಳಿನ ಪಕ್ಕದ ಬುಟ್ಟಿಯಲ್ಲಿ ಕಾವಿಗೆ ಕೂತಿತ್ತು. ಇಂದ್ರಾಣಿ ಏನು ಯೋಚಿಸುತ್ತಿದ್ದಾಳೆಂದು ಅಕ್ಕನಿಗೆ ಹೇಳುವ ಅಗತ್ಯ ಬೀಳಲಿಲ್ಲ. ಕೋಳಿ ಕೊಯ್ದು ಗೊತ್ತಿರುವವಳು. ಅವಳೇ ಒಳಗೆ ಹೋಗಿ ಚಾಕು ತಂದಳು, ಮೊದಲ ಕೋಳಿಯನ್ನು ಹಿಡಿದು ಕಂಕುಳಲ್ಲಿ ಇಟ್ಟುಕೊಂಡು ಕೂತಳು. ಆದರೆ ಕೈ ಏಳಲಿಲ್ಲ.

"ಮರಿ ಕಂಪನೀದು, ಮೇವು ಕಂಪನೀದು. ನಂದು ಅಂತ ಇದ್ದಿದ್ದು ಇವೇ ಕಣೇ," ಎಂದು ಬಿಕ್ಕಿದಳು.

ಇಂದ್ರಾಣಿ ಚಾಕು ತೆಗೆದುಕೊಂಡಳು.

ಆಮೇಲಿನ ಎರಡು ಗಂಟೆ ಅದೇ ಕೆಲಸ. ಇಂದ್ರಾಣಿ ಕೊಯ್ದಳು. ಅಕ್ಕ ಚೀಲ ಸೀಳಿ, ಒಳಗಿನ ಹಳದಿ ಸಿಪ್ಪೆ ಸುಲಿದು, ಮರಳನ್ನು ನೀರಲ್ಲಿ ಜಾಲಿಸಿ ಕಾಳು ಹೆಕ್ಕಿದಳು. ಒಂದರಲ್ಲಿ ಮೂರು, ಒಂದರಲ್ಲಿ ಐದು. ಹದಿಮೂರು ಕೋಳಿ ಮುಗಿದಾಗ ಬಟ್ಟಲಲ್ಲಿ ನಲವತ್ತಮೂರು ಕಾಳುಗಳಿದ್ದವು.

"ಸಾಕಲ್ವಾ?" ಎಂದಳು ಅಕ್ಕ, ಕಾವಿನ ಕೋಳಿಯ ಕಡೆ ನೋಡದೆ.

"ಸಾಕು. ಉಳಿದ ಏಳನ್ನೂ ಆ ಹೊಟ್ಟೆಬಾಕಿ ನುಂಗಿದೆ. ಇರ್ಲಿ ಬಿಡು."

ಕಾಳುಗಳನ್ನು ಬಿಸಿನೀರಲ್ಲಿ ತೊಳೆದು, ಚಪ್ಪಲಿ ಬಿಟ್ಟು, ಶೆಡ್ಡಿನ ನಾಲ್ಕೂ ಮೂಲೆಗಳಿಂದ ನಲವತ್ತಮೂರು ಮರಿಗಳನ್ನು ಹಿಡಿದು ಕೊಕ್ಕು ಬಿಡಿಸಿ ಒಂದೊಂದನ್ನೇ ಬೆರಳಿಂದ ಒಳಗೆ ತಳ್ಳಿದರು. ಮುಗಿದಾಗ ಮಧ್ಯಾಹ್ನ ಎರಡು ಗಂಟೆ. ಇಂದ್ರಾಣಿ ಹೊಸ್ತಿಲಲ್ಲಿ ಕೂತಳು, ಎದ್ದಳು, ಗೇಟಿನವರೆಗೆ ಹೋಗಿ ಬಂದಳು, ಫೋನು ನೋಡಿದಳು, ಮತ್ತೆ ಕೂತಳು. ನಾಲ್ಕೂ ಹತ್ತಕ್ಕೆ ಅಕ್ಕನ ಫೋನು ಕಿರ್ರೆಂದಿತು. ‘ಎಚ್ಚರಿಕೆ. ನಿಮ್ಮ ಶೆಡ್ಡಿನಲ್ಲಿ ಕಾಕ್ಸಿ ಕಂಡುಬಂದಿದೆ. ಮದ್ದು ಹೊರಟಿದೆ.’

"ಈಗ ಕಂಡುಬಂತಂತೆ ನಿಮ್ಮೋರಿಗೆ," ಎಂದು ಅಕ್ಕ ನಕ್ಕಳು. ನಗುತ್ತಲೇ ಅತ್ತಳು.

ಆರು ಗಂಟೆಯೊಳಗೆ ವ್ಯಾನು ಬಂದು, ಮದ್ದು ನೀರಿನ ತೊಟ್ಟಿಗೆ ಬಿತ್ತು. ಹದಿಮೂರು ಕೋಳಿಗಳ ಮಾಂಸವನ್ನು ಅಕ್ಕ ಬೀದಿಗೆಲ್ಲ ಹಂಚಿದಳು. ಏನು ವಿಶೇಷ ಎಂದು ಕೇಳಿದವರಿಗೆ ಹರಕೆ ಎಂದಳು. ತಾನು ಮಾತ್ರ ಮಜ್ಜಿಗೆ ಕುಡಿದು ಮಲಗಿದಳು.

ಮರುದಿನ ಕೇಂದ್ರದಲ್ಲಿ ಹಬೀಬುಲ್ಲಾ ಸಾಹೇಬರ ಸಂಭ್ರಮ ನೋಡಬೇಕಿತ್ತು. "ನೋಡಮ್ಮ, ನಿನ್ನೆ ನೀನು ರಜೆ ಹಾಕಿದ್ದೇ ತಡ, ನಲವತ್ತೊಂದು ಕೆಂಪಾಯ್ತು! ಒಂದೂವರೆ ಗಂಟೇಲಿ ಮದ್ದು ಕಳಿಸಿದ್ವಿ. ಏನು ಚುರುಕು ಕಿವಿ ನಮ್ಮದು!" ಇದರ ಮೇಲೊಂದು ವರದಿ ಬರೆದು ಮೇಲಿನವರಿಗೆ ಕಳಿಸಬೇಕು ಎಂದು ಗುನುಗುತ್ತಾ ಕೋಣೆಗೆ ಹೋದರು.

ಇಂದ್ರಾಣಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಆ ಪೊಟ್ಟಣ ಎಸೆದ ಸೂಪರ್‌ವೈಸರ್ ಅಕ್ಕನ ಶೆಡ್ಡಿಗೆ ಮಾತ್ರ ಹೋಗುತ್ತಿದ್ದನೇ? ಕೆಂಪು ಜುಟ್ಟಿನ ಚಿತ್ರ ಕಂಡಿದ್ದು ಅಕ್ಕನಿಗೊಬ್ಬಳಿಗೇ ಏನು? ಅವಳು ಪರದೆಯ ಮುಂದೆ ಕೂತು ಒಂದೇ ಒಂದು ಪ್ರಶ್ನೆ ಕೇಳಿದಳು. ಸಂಜೆ ಆರೂವರೆಯಿಂದ ಬೆಳಗ್ಗೆ ಐದರವರೆಗೆ ನಿದ್ದೆ ಮಾಡುವ ಶೆಡ್ಡುಗಳು ಯಾವುವು?

ಹನ್ನೊಂದು ಬಂದವು. ಹನ್ನೊಂದೂ ಹಚ್ಚಹಸಿರು. ಹನ್ನೊಂದಕ್ಕೂ ಅವಳು ಅರ್ಧ ಗಂಟೆಯ ಹಿಂದಷ್ಟೇ ‘ಕ್ಷೇಮ’ ಕಳಿಸಿದ್ದಳು.

ವಿಷಯ ಮುಚ್ಚಿಡುವ ಮಾತೇ ಇರಲಿಲ್ಲ. ಆದರೆ ಹನ್ನೊಂದು ಎನ್ನುವುದೋ, ಅಕ್ಕನದನ್ನೂ ಸೇರಿಸಿ ಹನ್ನೆರಡು ಎನ್ನುವುದೋ? ನಿಯಮದ ಪುಸ್ತಕ ಅವಳಿಗೆ ಬಾಯಿಪಾಠ. ತಿಳಿಯದೆ ತಪ್ಪಾಗಿದ್ದಕ್ಕೆ ಹೊರಗಿನವರ ಸಾಕ್ಷಿ ಸಿಕ್ಕರೆ ಮಾಫಿ, ಅದೇ ದಿನ ಮದ್ದು. ಸಾಕ್ಷಿ ಇಲ್ಲದಿದ್ದರೆ ಪರವಾನಗಿ ರದ್ದು. ಕಾಳನ್ನು ಹೊರತೆಗೆದು ಮತ್ತೆ ಹಾಕಿದ್ದಕ್ಕೆ ಮಾತ್ರ ಮಾಫಿಯೇ ಇಲ್ಲ. ಪೊಟ್ಟಣ ಹೇಗೆ ಬಂತು, ಅದರ ಮೇಲೆ ಏನಿತ್ತು, ಜನ ಏನೆಂದುಕೊಂಡರು ಎಂದು ಆ ಹನ್ನೊಂದು ಮನೆಗಳ ಆಚೆಯಿಂದ ಹೇಳಬಲ್ಲವಳು ಅಕ್ಕ ಒಬ್ಬಳೇ. ಅವಳು ಬಾಯಿಬಿಟ್ಟರೆ ಹನ್ನೊಂದು ಮನೆ ಉಳಿಯುತ್ತದೆ, ಅವಳದು ಹೋಗುತ್ತದೆ.

ಇಂದ್ರಾಣಿ ಮೆಟ್ಟಿಲ ಕೆಳಗೆ ನಿಂತು ಅಕ್ಕನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಆ ಕಡೆ ಮರಿಗಳ ಚಿಂವ್‌ಗುಟ್ಟುವಿಕೆ ಕೇಳಿಸುತ್ತಿತ್ತು.

"ಹನ್ನೊಂದು ಶೆಡ್ಡಲ್ಲಿ ಯಾರ್‍ಯಾರವ್ರೆ?"

"ತಿಮ್ಮಕ್ಕ, ಪಿಳ್ಳಪ್ಪನ ಮನೆಯವ್ರು, ಆಮೇಲೆ..."

"ಸಾಕು ಬಿಡು. ಹೇಳೋದಾದ್ರೆ ನನ್ನ ಹೆಸ್ರೇ ಮೊದಲು ಹೇಳು. ಬೇರೆಯೋರ ಹೆಸ್ರು ಮೊದಲು ಹೇಳಿದ್ರೆ ಚೆನ್ನಾಗಿರಲ್ಲ."

ಡಾಕ್ಟರು ಪೂರ್ತಿ ಕೇಳಿದರು. ನಡುವೆ ಒಮ್ಮೆ ಮಾತ್ರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕೋಳಿ ಕೊಯ್ದಿದ್ದು ಯಾರಮ್ಮ?"

"ನಾನೇ ಸರ್."

"ನೀನು ರಜೇಲಿದ್ದೆ ಅಂದ್ಕೊಂಡಿದ್ದೆ." ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರವಿತ್ತು. "ಗೊತ್ತಲ್ಲ, ಇದರಲ್ಲಿ ನನ್ನ ಕೈಲಿ ಏನೂ ಇಲ್ಲ. ಈ ಬ್ಯಾಚ್ ಹೋದ ಮೇಲೆ ನಿಮ್ಮಕ್ಕನಿಗೆ ಪರವಾನಗಿ ಇರಲ್ಲ. ವಿಚಾರಣೆ ಮುಗಿಯೋವರೆಗೂ ನೀನೂ ಬರೋ ಹಾಗಿಲ್ಲ."

"ಗೊತ್ತು ಸರ್. ಹನ್ನೊಂದು ಶೆಡ್ಡಿಂದು?"

ಅವರು ಬೀಗದ ಕೈ ತೆಗೆದುಕೊಂಡು ಎದ್ದರು. "ನಿಮ್ಮಕ್ಕನ ಹೇಳಿಕೆ ಸಾಕು. ವ್ಯಾನಿಗೆ ಫೋನ್ ಮಾಡು. ಇದು ನಿನ್ನ ಕೊನೇ ಕೆಲಸ."

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ ಅಕ್ಕನೇ ಫೋನ್ ಮಾಡಿದಳು.

"ಏನಂದ್ರು?"

"ಹೋಯ್ತಕ್ಕ."

"ಹ್ಞೂಂ. ಅವ್ರಿಗೆಲ್ಲ ಮದ್ದು?"

"ಮುಟ್ಟಿದೆ."

ಕ್ಷಮಿಸು ಎನ್ನುವ ಬದಲು ಇಂದ್ರಾಣಿ, ಈ ಬ್ಯಾಚ್ ಬಂದ ಇಪ್ಪತ್ತನಾಲ್ಕು ದಿನದಲ್ಲಿ ಒಮ್ಮೆಯೂ ಕೇಳದಿದ್ದುದನ್ನು ಕೇಳಿದಳು.

"ಅಕ್ಕ, ಇವತ್ತು ಮರಿ ಹೆಂಗವೆ? ನೀನು ಏನು ನೋಡ್ದೆ?"

"ಹತ್ತೊಂಬತ್ತು ಸತ್ತವು. ನಿನ್ನೆಗಿಂತ ವಾಸಿ. ರಕ್ತ ಕಮ್ಮಿ ಆಗೈತೆ. ಕಿಟಕಿ ಪಕ್ಕದವು ಇನ್ನೂ ಮುದುಡ್ಕೊಂಡೇ ಅವೆ, ಅಲ್ಲಿ ನಲ್ಲಿ ಸೋರಿ ಹೊಟ್ಟು ಒದ್ದೆ ಆಗಿತ್ತು, ತೆಗ್ದು ಬೇರೆ ಹಾಕ್ದೆ. ಮಿಕ್ಕವು ಮಧ್ಯಾಹ್ನದಿಂದ ತಿನ್ನೋಕೆ ಶುರು ಮಾಡವೆ. ಇದೇ ಕೊನೇ ಬ್ಯಾಚು ಅಂತ ಅವಕ್ಕೇನು ಗೊತ್ತು? ಹಸಿವು ಅಂತ ಕೂಗ್ತವೆ. ಇಡ್ತೀನಿ, ಮೇವು ಹಾಕ್ಬೇಕು."